ಮುಳ್ಳುಬಳೆ ತೊಟ್ಟವಳು

ನಮ್ಮ ಕಡೆ ಗಂಡಸರಿಗೆ ಕೋಪ ಬಂದಾಗ ಬಾಯಿಗೆ ಬರುವ ಮಾತೊಂದಿದೆ: "ನಾನೇನು ಕೈಗೆ ಬಳೆ ತೊಟ್ಟುಕೊಂಡಿದ್ದೇನೆಯೆ?" ಬಳೆ ತೊಟ್ಟ ಕೈ ಬಡಿಸಿದ್ದನ್ನೇ ಎರಡು ಹೊತ್ತು ಉಣ್ಣುವವರು ಈ ಮಾತಾಡುವಾಗ ನಾನು ಎಷ್ಟೋ ಸಲ ನಕ್ಕಿದ್ದೇನೆ, ಕೆಲವು ಸಲ ನೊಂದಿದ್ದೇನೆ. ಈಚೆಗೆ ಆ ಮಾತು ಕಿವಿಗೆ ಬಿದ್ದರೆ ನನಗೆ ನೆನಪಾಗುವುದು ನೀಲಿ ಬಟ್ಟೆಯ ಒಬ್ಬ ಚೀನೀ ಹುಡುಗಿ. ಅವಳ ಎರಡು ಮಣಿಕಟ್ಟಿನಲ್ಲೂ ದಪ್ಪ ಬಳೆಗಳಿವೆ. ಬಳೆಗಳ ಸುತ್ತ ಮುಳ್ಳುಗಳಿವೆ. ಹೆಸರು ಚುನ್‌ಲೀ. ಅವಳು ಹುಟ್ಟಿದ್ದು ಕಾದಂಬರಿಯಲ್ಲಲ್ಲ, ಪುರಾಣದಲ್ಲಲ್ಲ. 'ಸ್ಟ್ರೀಟ್ ಫೈಟರ್ ಟು' ಎಂಬ ವಿಡಿಯೋ ಆಟದಲ್ಲಿ.

ವಿಡಿಯೋ ಆಟದ ವಿಮರ್ಶೆ ಬರೆಯುವಷ್ಟು ಬಿಡುವಾಯಿತೇ ನಿನಗೆ ಎಂದು ನೀವು ಕೇಳಬಹುದು. ಬಿಡುವಿನ ಮಾತಲ್ಲ, ಬಾಕಿಯ ಮಾತು. ಈ ಆಟವನ್ನು ನಾನು ಒಂದು ಸಲವೂ ನೋಡದೆ ಕೆಲವು ವರ್ಷ ಬೈದಿದ್ದೇನೆ. ನೋಡದೆ ಬೈಯುವುದು ವಿಮರ್ಶಕರಿಗೆ ಹೇಳಿಸಿದ್ದಲ್ಲ. ತಾಯಂದಿರಿಗೂ ಅಲ್ಲ ಎಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

1994ರ ಸುಮಾರಿಗೆ ನಮ್ಮೂರಿನ ಬಸ್ ನಿಲ್ದಾಣದ ಹಿಂದೆ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಬಾಗಿಲಿಗೆ ಹಳೆಯ ಪರದೆ, ಒಳಗೆ ಕತ್ತಲೆ, ಕತ್ತಲೆಯಲ್ಲಿ ಬೀರುವಿನಷ್ಟು ಎತ್ತರದ ಮೂರು ಪೆಟ್ಟಿಗೆಗಳು. ಒಂದೊಂದರ ಮುಂದೆಯೂ ಇರುವೆ ಮುತ್ತಿದಂತೆ ಹುಡುಗರು. ಆಗ ನನ್ನ ಮಗನಿಗೆ ಹದಿಮೂರು, ಮಗಳಿಗೆ ಹತ್ತು. ಸಾಸಿವೆ ಡಬ್ಬಿಯಲ್ಲಿ ನಾನು ಇಟ್ಟಿರುತ್ತಿದ್ದ ಚಿಲ್ಲರೆ ಕರಗುತ್ತ ಬಂದಾಗ ಇಲಿಯ ಮೇಲೆ ಅನುಮಾನ ಪಡುವಷ್ಟು ದಡ್ಡಿ ನಾನಲ್ಲ. ಸಂಜೆ ದೇವರಿಗೆ ದೀಪ ಹಚ್ಚುವ ಹೊತ್ತಾದರೂ ಮಗ ಬಾರದಿದ್ದರೆ ಮಗಳನ್ನು ಕಳಿಸುತ್ತಿದ್ದೆ. "ಹೋಗೇ, ನಿಮ್ಮಣ್ಣನ್ನ ಕರ್ಕೊಂಡು ಬಾ. ಒಳಗೆ ಮಾತ್ರ ಕಾಲಿಡಬೇಡ. ಬಾಗಿಲಲ್ಲೇ ನಿಂತು ಕೂಗು." ಅವಳು ಹೋಗುತ್ತಿದ್ದಳು, ಅರ್ಧ ಗಂಟೆ ಬಿಟ್ಟು ಇಬ್ಬರೂ ಬರುತ್ತಿದ್ದರು. ಮಗನಿಗೆ ಬೈಗುಳ. ಮಗಳಿಗೆ ಏನೂ ಇಲ್ಲ. ಅವಳು ಹೇಳಿದ ಮಾತು ಕೇಳುವ ಹುಡುಗಿ.

ಕಳೆದ ದೀಪಾವಳಿಗೆ ಆ ಮಗಳು ಬಂದಳು. ಈಗ ಅವಳಿಗೂ ನಲವತ್ತು ದಾಟಿದೆ. ಚೀಲದಿಂದ ಪುಸ್ತಕದಷ್ಟು ಅಗಲದ ಒಂದು ಯಂತ್ರ ತೆಗೆದು ಟಿ.ವಿ.ಗೆ ಜೋಡಿಸಿದಳು. ಸ್ಟ್ರೀಟ್ ಫೈಟರ್ ಆಟಗಳ ಮೂವತ್ತನೆಯ ವರ್ಷದ ನೆನಪಿಗೆ ಅದರ ತಯಾರಕರಾದ ಜಪಾನಿನ ಕ್ಯಾಪ್‌ಕಾಮ್ ಕಂಪೆನಿಯವರು 2018ರಲ್ಲಿ ಹಳೆಯ 12 ಆಟಗಳನ್ನು ಒಟ್ಟಿಗೆ ಸೇರಿಸಿ ಹೊರತಂದ ಸಂಕಲನವಂತೆ. "ಅಮ್ಮ, ಬಾ, ಜೊತೆಗೆ ಆಡು" ಎಂದಳು. ಚಕ್ಕುಲಿಯ ಹಿಟ್ಟು ಕಲಸುತ್ತಿದ್ದವಳು ಕೈ ತೊಳೆದು ಬಂದು ಕುಳಿತೆ. ಬೈಯುವುದಕ್ಕೆಂದೇ ಕುಳಿತೆ. ಎದ್ದಾಗ ಹಿಟ್ಟು ಒಣಗಿತ್ತು.

ಮೊದಲು ಆಟದ ಹಿನ್ನೆಲೆ ಹೇಳಿಬಿಡುತ್ತೇನೆ. ಮೊದಲ ಸ್ಟ್ರೀಟ್ ಫೈಟರ್ ಬಂದದ್ದು 1987ರಲ್ಲಿ. ಅದರಲ್ಲಿ ಆಡುವವರಿಗೆ ಸಿಗುತ್ತಿದ್ದವನು ರ್ಯೂ ಎಂಬ ಒಬ್ಬನೇ ಜಪಾನೀ ಜಟ್ಟಿ. ಇನ್ನೊಬ್ಬರು ಜೊತೆಗೆ ನಿಂತರೆ ಅವನ ಗೆಳೆಯ ಕೆನ್. ಮಗಳು ಅದನ್ನೂ ತೋರಿಸಿದಳು. ಕೈಗೆ ಒಗ್ಗದ ಆಟ. ಪಟ್ಟುಗಳು ನಮ್ಮ ಇಚ್ಛೆಯಿಂದಲ್ಲ, ದೇವರ ದಯೆಯಿಂದ ಬರುತ್ತವೆ. ಅದರ ಎರಡನೆಯ ಭಾಗ 1991ರಲ್ಲಿ ಬಂತು. ಸಿನಿಮಾವಾಗಲಿ ಕಾದಂಬರಿಯಾಗಲಿ, ಗೆದ್ದದ್ದರ ಎರಡನೆಯ ಭಾಗವೆಂದರೆ ಸಾಮಾನ್ಯವಾಗಿ ಹಳೆಯ ಸಾರಿಗೆ ಬೆರೆಸಿದ ನೀರು. ಇಲ್ಲಿ ಹಾಗಾಗಲಿಲ್ಲ. ಅಕಿರಾ ನಿಶಿತಾನಿ ಮತ್ತು ಅಕಿರಾ ಯಸುದ ಎಂಬ ಇಬ್ಬರು ತರುಣರು ಮುಖ್ಯವಾಗಿ ರೂಪಿಸಿದ ಈ ಆಟ ಮೊದಲನೆಯದನ್ನು ಜನ ಮರೆತೇ ಬಿಡುವಂತೆ ಮಾಡಿತು. ಒಬ್ಬನ ಬದಲು ಎಂಟು ಜನ. ಜಪಾನಿನ ರ್ಯೂ, ಅಲ್ಲಿಯದೇ ಸೂಮೋ ಜಟ್ಟಿ ಹೋಂಡ, ಅಮೆರಿಕದ ಕೆನ್ ಮತ್ತು ಸೈನಿಕ ಗೈಲ್, ರಷ್ಯಾದ ಜಾಂಗೀಫ್, ಬ್ರೆಜಿಲ್ ಕಾಡಿನ ಹಸಿರು ಮೈಯ ಬ್ಲಾಂಕಾ, ನಮ್ಮ ಭಾರತದ ಧಾಲ್ಸಿಮ್, ಚೀನಾದ ಚುನ್‌ಲೀ. ನಮಗೆ ಬೇಕಾದವರನ್ನು ಆರಿಸಿಕೊಂಡು ಉಳಿದವರನ್ನು ಗೆಲ್ಲುತ್ತ ಹೋಗಬೇಕು. ಕೊನೆಗೆ ನಾಲ್ವರು ಖಳರು. ಮೂರು ಸುತ್ತಿನಲ್ಲಿ ಎರಡು ಗೆದ್ದವರಿಗೆ ಜಯ. ಒಂದೊಂದು ಸುತ್ತಿಗೂ 99ರಿಂದ ಇಳಿಯುವ ಗಡಿಯಾರ.

ಬರೀ ಹೊಡೆದಾಟ ಎಂದುಕೊಂಡಿದ್ದೆನಲ್ಲ, ಆಡಿದ ಮೇಲೆ ತಿಳಿಯಿತು, ಇದು ನಮ್ಮ ಹುಲಿಕುರಿ ಆಟಕ್ಕೆ ಹತ್ತಿರದ್ದು. ಒಂದು ಕಡ್ಡಿ, ಆರು ಗುಂಡಿ. ಮೂರು ಗುಂಡಿ ಕೈಗೆ, ಮೂರು ಕಾಲಿಗೆ. ಹಗುರ, ಮಧ್ಯಮ, ಭಾರ. ಹಗುರ ಹೊಡೆತ ಬೇಗ ತಾಗುತ್ತದೆ, ನೋವು ಕಡಿಮೆ. ಭಾರದ ಹೊಡೆತ ನಿಧಾನ. ತಪ್ಪಿದರೆ ನಾವೇ ಎದುರಾಳಿಗೆ ಸಿಕ್ಕಿಬೀಳುತ್ತೇವೆ. ಕಡ್ಡಿಯನ್ನು ಹಿಂದಕ್ಕೆ ಎಳೆದು ಹಿಡಿದರೆ ತಡೆ. ಆದರೆ ನಿಂತು ತಡೆದರೆ ಕಾಲಿಗೆ ಏಟು, ಕುಳಿತು ತಡೆದರೆ ಮೇಲಿಂದ ಹಾರಿ ಏಟು, ಸುಮ್ಮನೆ ತಡೆಯುತ್ತಲೇ ಇದ್ದರೆ ಹತ್ತಿರ ಬಂದು ಎತ್ತಿ ಒಗೆಯುತ್ತಾರೆ. ಯಾವುದೂ ಎಲ್ಲ ಕಾಲಕ್ಕೂ ಸರಿಯಲ್ಲ. ಎದುರಿನವರ ಮನಸ್ಸು ಓದಬೇಕು. ಕೂಡು ಕುಟುಂಬದಲ್ಲಿ ಬಾಳಿದ ಹೆಂಗಸಿಗೆ ಈ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ಪಟ್ಟುಗಳು. ರ್ಯೂ ಅಂಗೈಯಿಂದ ಬೆಂಕಿಯ ಉಂಡೆ ಬಿಡಬೇಕಾದರೆ ಕಡ್ಡಿಯನ್ನು ಕೆಳಕ್ಕೆ ತಂದು, ಓರೆಯಾಗಿ ಜಾರಿಸಿ, ಮುಂದಕ್ಕೆ ಒಯ್ದು, ಆ ಕ್ಷಣಕ್ಕೆ ಗುದ್ದಿನ ಗುಂಡಿ ಒತ್ತಬೇಕು. ರಂಗೋಲಿಯ ಎಳೆಯನ್ನು ಚುಕ್ಕಿಯ ಸುತ್ತ ಬಾಗಿಸುವ ಬೆರಳಿನ ಚಲನೆ ಅದು. ನಡುವೆ ಕೈ ಎತ್ತಿದರೆ ಎಳೆ ಕಡಿಯುತ್ತದೆ. ಗೈಲ್‌ನ ಪಟ್ಟಿಗೆ ಇನ್ನೂ ತಾಳ್ಮೆ ಬೇಕು: ಎರಡು ಸೆಕೆಂಡಿನಷ್ಟು ಹಿಂದಕ್ಕೆ ಎಳೆದು ಹಿಡಿದು ಆಮೇಲೆ ಮುಂದಕ್ಕೆ ಬಿಡಬೇಕು. ಒಂದರ ಹಿಂದೆ ಒಂದು ಬಿಡುವಿಲ್ಲದೆ ಹೊಡೆತ ಸೇರಿಸುವ ಕಲೆಯನ್ನಂತೂ ತಯಾರಕರು ಬೇಕೆಂದು ಇಟ್ಟದ್ದೇ ಅಲ್ಲವಂತೆ. ನಡುವೆ ಬರುವ ಕಾರು ಒಡೆಯುವ ಆಟವನ್ನು ಪರೀಕ್ಷಿಸುವಾಗ ಹೆಚ್ಚುವರಿ ಏಟು ಬೀಳುತ್ತಿರುವುದನ್ನು ಕಂಡು, ಇರಲಿ ಬಿಡು ಎಂದು ಬಿಟ್ಟದ್ದು. ಆ ತಪ್ಪೇ ಮುಂದೆ ಇಂಥ ಆಟಗಳಿಗೆಲ್ಲ ವ್ಯಾಕರಣವಾಯಿತು. ಒಗ್ಗರಣೆ ಸೀದದ್ದೇ ರುಚಿಯಾಯಿತೆಂದು ಮರುದಿನ ಬೇಕೆಂದೇ ಸೀಯಿಸುವ ಕಥೆ ನಮ್ಮ ಅಡಿಗೆಮನೆಯಲ್ಲೂ ಇದೆ.

ನನ್ನನ್ನು ಎಲ್ಲಕ್ಕಿಂತ ಹಿಡಿದು ಕೂರಿಸಿದ್ದು ಸಂಗೀತ. ಯಾರದಾದರೂ ಪ್ರಾಣ ಕ್ಷೀಣವಾಗುತ್ತ ಬಂತೆಂದರೆ ಅದೇ ರಾಗ ದುಡಿಯಂತೆ ಬಿರುಸಾಗುತ್ತದೆ. ಯಕ್ಷಗಾನದಲ್ಲಿ ಯುದ್ಧ ಮುಟ್ಟಿತೆಂದರೆ ಭಾಗವತರು ಕಾಲ ಏರಿಸಿ, ಚೆಂಡೆ ಬಿರುಸಾಗಿ, ಒರಗಿ ಕುಳಿತವರು ನೆಟ್ಟಗಾಗುತ್ತಾರಲ್ಲ, ಹಾಗೆ. ಯಾರಪ್ಪ ಈ ಭಾಗವತ ಎಂದು ಕೇಳಿದರೆ ಮಗಳು ನಕ್ಕಳು. "ಭಾಗವತ ಅಲ್ಲಮ್ಮ, ಹುಡುಗಿ." ಇದರ ಬಹುಪಾಲು ಸಂಗೀತ ಮಾಡಿದವರು ಯೋಕೊ ಶಿಮೊಮುರ. ಹುಟ್ಟಿದ್ದು 1967. ಒಸಾಕದ ಸಂಗೀತ ಕಾಲೇಜಿನಲ್ಲಿ ಪಿಯಾನೋ ಕಲಿತು 1988ರಲ್ಲಿ ಹೊರಬಂದು, ಪಿಯಾನೋ ಪಾಠ ಹೇಳುವ ಕೆಲಸ ಕೈಯಲ್ಲಿದ್ದರೂ ಅದನ್ನು ಬಿಟ್ಟು ವಿಡಿಯೋ ಆಟದ ಕಂಪೆನಿ ಸೇರಿದರು. ಅಷ್ಟು ದುಡ್ಡು ಸುರಿದು ಓದಿಸಿದ್ದು ಇದಕ್ಕೇನು ಎಂದು ಮನೆಯವರಿಗೆ ಸಂಕಟವಾಗಿತ್ತಂತೆ. ಆ ಮನೆಯವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಬಸ್ ನಿಲ್ದಾಣದ ಹಿಂದಿನ ಆ ಕತ್ತಲೆಯಲ್ಲಿ ಹೆಣ್ಣಿಗೆ ಜಾಗವಿಲ್ಲ ಎಂದು ನಾನು ನಂಬಿಕೊಂಡಿದ್ದಾಗ, ಆ ಪೆಟ್ಟಿಗೆಯೊಳಗಿನಿಂದ ಬರುತ್ತಿದ್ದ ಸದ್ದು ಇಪ್ಪತ್ತಮೂರು ಇಪ್ಪತ್ತನಾಲ್ಕರ ಒಬ್ಬ ಹೆಣ್ಣುಮಗಳು ಕಟ್ಟಿದ್ದಾಗಿತ್ತು.

ಹೊಗಳಿಕೆಯೇ ಆಯಿತು, ದೋಷಗಳೂ ಇವೆ. ದೇಶದೇಶದ ಜನರನ್ನು ಚಿತ್ರಿಸುವಾಗ ತಯಾರಕರು ಆ ದೇಶಗಳನ್ನು ಸಂತೆಯ ಬೊಂಬೆ ಅಂಗಡಿಯಿಂದ ಕೊಂಡು ತಂದಂತಿದೆ. ನಮ್ಮವನೆಂಬ ಧಾಲ್ಸಿಮ್‌ನನ್ನು ನೋಡಿ ನನಗೆ ನಗೆ ತಡೆಯಲಾಗಲಿಲ್ಲ. ಕೊರಳಲ್ಲಿ ತಲೆಬುರುಡೆಗಳ ಸರ, ಬಡಕಲು ಮೈ, ಕೈಕಾಲು ರಬ್ಬರಿನಂತೆ ಮಾರುದ್ದ ಬೆಳೆಯುತ್ತವೆ, ಬಾಯಿಂದ ಬೆಂಕಿ. ಉಗುಳುವಾಗ 'ಯೋಗ, ಯೋಗ' ಎನ್ನುತ್ತಾನೆ. ಹಿಂದೆ ಸಾಲಾಗಿ ನಿಂತ ಆನೆಗಳು ಘೀಳಿಡುತ್ತವೆ. ಮೈಸೂರಿನಲ್ಲಿ ಯೋಗ ಕಲಿತ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು ಲೋಕಕ್ಕೆಲ್ಲ ಅದನ್ನು ಕಲಿಸಿದರು. ಅವರು ಕಲಿಸಿದ್ದು ಉಸಿರು ಹಿಡಿಯುವುದನ್ನು, ಬೆಂಕಿ ಉಗುಳುವುದನ್ನಲ್ಲ. ಆದರೂ ನಮ್ಮೂರ ಹುಡುಗರು ಅವನು ನಮ್ಮ ದೇಶದವನೆಂದು ಹುರುಪಿನಿಂದ ಆರಿಸಿಕೊಂಡು, ಅವನ ನಿಧಾನಕ್ಕೆ ಬೇಸತ್ತು, ಮರುಕ್ಷಣ ಕೆನ್‌ನ ಬಳಿಗೆ ಓಡುತ್ತಿದ್ದರಂತೆ. ದೇಶಾಭಿಮಾನಕ್ಕೂ ಒಂದು ರೂಪಾಯಿಯ ಮಿತಿ.

ಸೋತವರ ಮುಖವನ್ನು ರಕ್ತ ಸುರಿಯುವಂತೆ, ಬಾತುಕೊಂಡಂತೆ ದೊಡ್ಡದಾಗಿ ತೋರಿಸುವುದು ನನಗೆ ಹಿಡಿಸಲಿಲ್ಲ. ಅದರ ಪಕ್ಕದಲ್ಲೇ, ಮುಂದುವರಿಸುತ್ತೀಯಾ ಎಂದು ಎಣಿಕೆ ಇಳಿಯುತ್ತದೆ. ಸೋತ ಮಗುವಿನ ಅವಮಾನ ಆರುವ ಮೊದಲೇ ಇನ್ನೊಂದು ನಾಣ್ಯ ಕಸಿಯುವ ಉಪಾಯ. ನನ್ನ ಸಾಸಿವೆ ಡಬ್ಬಿಯ ಕಳ್ಳನನ್ನು ಕೊನೆಗೂ ಅಲ್ಲಿ ಹಿಡಿದೆ. 1991ರಿಂದ 1994ರೊಳಗೆ ಇದೇ ಆಟವನ್ನು ಸ್ವಲ್ಪ ಸ್ವಲ್ಪ ತಿದ್ದಿ, ವೇಗ ಹೆಚ್ಚಿಸಿ, ಹೊಸ ಹೆಸರಿಟ್ಟು ಐದು ಸಲ ಪೆಟ್ಟಿಗೆಗೆ ತುಂಬಿದರು. ಒಂದೇ ಹಿಟ್ಟಿನಲ್ಲಿ ಐದು ದಿನ ದೋಸೆ ಹೊಯ್ಯುವ ನಮಗೆ ಅದನ್ನು ಆಕ್ಷೇಪಿಸುವ ಹಕ್ಕಿಲ್ಲ. ಆದರೆ ನಾವು ದುಡ್ಡು ಕೇಳುವುದಿಲ್ಲ.

ಈಗ ಆ ಮುಳ್ಳುಬಳೆಯವಳ ಮಾತಿಗೆ ಬರುತ್ತೇನೆ. ಮೊದಲ ಆಟದಲ್ಲಿ ಎಂಟು ಜನರಲ್ಲಿ, ಖಳರನ್ನೂ ಸೇರಿಸಿದರೆ ಹನ್ನೆರಡು ಜನರಲ್ಲಿ, ಅವಳೊಬ್ಬಳೇ ಹೆಣ್ಣು. ಅಂತರರಾಷ್ಟ್ರೀಯ ಪೊಲೀಸಿನವಳು. ಬೈಸನ್ ಎಂಬ ಖಳನಾಯಕ ಅವಳ ತಂದೆಯನ್ನು ಕೊಂದಿದ್ದಾನೆ. ಅವನನ್ನು ಹುಡುಕಿಕೊಂಡು ಬಂದಿದ್ದಾಳೆ. ಎರಡು ಗಂಟು ಕಟ್ಟಿದ ತಲೆಗೂದಲು, ಬಿಳಿಯ ಬೂಟು, ಮುಳ್ಳಿನ ಬಳೆ. ಅವಳ ಬೀದಿಯಲ್ಲಿ ಹಿಂದಿನಿಂದ ಜನ ಸೈಕಲ್ ತುಳಿಯುತ್ತ ಹೋಗುತ್ತಾರೆ. ಉಳಿದವರಿಗಿಂತ ಚುರುಕಾಗಿ ನಡೆಯುತ್ತಾಳೆ, ಎತ್ತರಕ್ಕೆ ಜಿಗಿಯುತ್ತಾಳೆ, ಮೂಲೆಗೆ ಒತ್ತಿದರೆ ಗೋಡೆಗೆ ಕಾಲು ಕೊಟ್ಟು ಹಾರಿ ತಪ್ಪಿಸಿಕೊಳ್ಳುತ್ತಾಳೆ. ಒದೆಯುವ ಗುಂಡಿಯನ್ನು ಬಿಡದೆ ಬಡಿದರೆ ಅವಳ ಕಾಲು ನೂರು ಕಾಲಾಗುತ್ತದೆ. ರಂಗೋಲಿ ಪಟ್ಟುಗಳು ಕೈಗೆ ಹತ್ತದ ನನ್ನಂಥವಳಿಗೆ ಹೇಳಿ ಮಾಡಿಸಿದ ವಿದ್ಯೆ. ಒಂದೇ ಕೆಲಸವನ್ನು ಬೇಸರವಿಲ್ಲದೆ ನೂರು ಸಲ ಮಾಡುವುದರಲ್ಲಿ ನಮ್ಮನ್ನು ಮೀರಿಸುವವರಾರು? ಆ ದಿನ ಜಾಂಗೀಫ್‌ನಂಥ ಕರಡಿ ಮೈಯವನನ್ನು ನಾನು ಅದೊಂದರಿಂದಲೇ ಮಲಗಿಸಿದೆ. ಗೆದ್ದಾಗ ಅವಳು ಚಿಕ್ಕ ಹುಡುಗಿಯಂತೆ ಕುಣಿದು ನಗುತ್ತಾಳೆ. ನಾನೂ ನಕ್ಕಿರಬೇಕು.

ಆಟದ ಮೇಲ್ತುದಿಯಲ್ಲಿ ಇಬ್ಬರ ಹೆಸರಿಗೂ ಒಂದೊಂದು ಹಳದಿ ಪಟ್ಟಿ ಇರುತ್ತದೆ. ಅದು ಪ್ರಾಣ. ಏಟು ಬಿದ್ದಂತೆಲ್ಲ ಸವೆಯುತ್ತದೆ. ಅದನ್ನು ತೋರಿಸುತ್ತ ಮಗಳು ಒಂದು ವಿಷಯ ಹೇಳಿದಳು. ಆಟ ತಯಾರಾಗುತ್ತಿದ್ದಾಗ ಮೇಲ್ವಿಚಾರಕರಾಗಿದ್ದ ಯೋಶಿಕಿ ಒಕಮೊಟೊ, ಹೆಂಗಸಿಗೆ ಶಕ್ತಿ ಕಡಿಮೆಯಲ್ಲವೇ, ಇವಳ ಪಟ್ಟಿಯನ್ನು ಉಳಿದವರಿಗಿಂತ ಗಿಡ್ಡ ಮಾಡೋಣ ಎಂದಿದ್ದರಂತೆ. ನಿಶಿತಾನಿ ಒಪ್ಪಲಿಲ್ಲವಂತೆ. ಮುಂದೆ ಒಕಮೊಟೊ ಅವರೇ ಇದನ್ನು ಹೇಳಿಕೊಂಡಿದ್ದಾರೆ. ನಾನು ಪರದೆಯ ಹತ್ತಿರ ಹೋಗಿ ನೋಡಿದೆ. ಎಡಕ್ಕೆ ಆ ದೈತ್ಯ, ಬಲಕ್ಕೆ ಇವಳು. ಎರಡು ಪಟ್ಟಿಯೂ ಸಮ. ಗೆರೆ ಎಳೆದಷ್ಟು ಸಮ.

ಹಾಗಿದ್ದರೂ ಮೊದಲ ಆಟದಲ್ಲಿ ಅವಳ ಕೈಗೆ ಬೆಂಕಿಯ ಉಂಡೆ ಕೊಟ್ಟಿರಲಿಲ್ಲ. ರ್ಯೂ, ಕೆನ್, ಗೈಲ್, ಧಾಲ್ಸಿಮ್ ದೂರ ನಿಂತೇ ಹೊಡೆಯಬಲ್ಲರು. ಇವಳು ಮಾತ್ರ ಅದನ್ನೆಲ್ಲ ದಾಟಿ ಹತ್ತಿರ ಹೋಗಿ ಹೊಡೆಯಬೇಕು. 1992ರ ಕೊನೆಯಲ್ಲಿ ಬಂದ ಮೂರನೆಯ ತಿದ್ದುಪಡಿಯಲ್ಲಿ ಅದೂ ಸಿಕ್ಕಿತು. 1993ರಲ್ಲಿ ಇಂಗ್ಲೆಂಡಿನ ಕ್ಯಾಮಿ ಎಂಬ ಇನ್ನೊಬ್ಬಳು ಜೊತೆಯಾದಳು. ಹದಿನಾರು ಜನರಲ್ಲಿ ಇಬ್ಬರು. ನಮ್ಮ ಪುರಸಭೆಗಳೂ ಒಂದು ಕಾಲಕ್ಕೆ ಹೀಗೇ ಇದ್ದವು.

ನನ್ನ ತಕರಾರು ಇದ್ದದ್ದು ಆಟದ ಮುಕ್ತಾಯದ ಬಗ್ಗೆ. ಇಲ್ಲಿ ಒಬ್ಬೊಬ್ಬರ ಗೆಲುವಿಗೂ ಬೇರೆ ಬೇರೆ ಕೊನೆ. ಕೆನ್‌ಗೆ ಮದುವೆಯಾಗುತ್ತದೆ. ಬೈಸನ್‌ನನ್ನು ಕೊಲ್ಲಹೊರಟ ಗೈಲ್‌ನನ್ನು ಹೆಂಡತಿ ಮಗಳು ಬಂದು ತಡೆಯುತ್ತಾರೆ. ಚಿಕ್ಕಂದಿನಲ್ಲಿ ವಿಮಾನ ಬಿದ್ದು ಕಾಡುಪಾಲಾದ ಬ್ಲಾಂಕಾನನ್ನು ಅವನ ತಾಯಿ ಕಾಲಿನ ಕಡಗದಿಂದ ಗುರುತು ಹಿಡಿಯುತ್ತಾಳೆ. ಹಸಿರು ಮೈಯ, ಕೋರೆಹಲ್ಲಿನ ಆ ಪ್ರಾಣಿಯನ್ನು ಮಗನೆಂದು ಅಪ್ಪುತ್ತಾಳೆ. ಅದನ್ನು ಕಂಡು ನನ್ನ ಕಣ್ಣು ತುಂಬಿತೆಂದರೆ ನೀವು ನಗಬಾರದು. ರ್ಯೂ ಮಾತ್ರ ಬಹುಮಾನ ಪಡೆಯಲೂ ನಿಲ್ಲದೆ, ಮುಂದಿನ ಹೋರಾಟವನ್ನು ಅರಸಿ, ಮುಳುಗುವ ಸೂರ್ಯನ ಕಡೆ ಒಬ್ಬನೇ ನಡೆದುಹೋಗುತ್ತಾನೆ. ಚುನ್‌ಲೀ? ಅವಳು ತಂದೆಯ ಸಮಾಧಿಗೆ ಹೋಗಿ, ಸೇಡು ತೀರಿತೆಂದು ಹೇಳಿ, ಹೋರಾಟದ ಬಟ್ಟೆ ಕಳಚಿ, ಇನ್ನು ನಾನು ಎಲ್ಲರಂತೆ ಸಾಮಾನ್ಯ ಹುಡುಗಿ ಎಂದು ಓಡಿಹೋಗುತ್ತಾಳೆ.

"ನೋಡಿದೆಯಾ" ಎಂದೆ ಮಗಳಿಗೆ. "ಗೆದ್ದ ಗಂಡಸಿಗೆ ದಾರಿ, ಗೆದ್ದ ಹೆಂಗಸಿಗೆ ಮನೆ. ಪಟ್ಟಿ ಸಮ ಮಾಡಿ ಏನು ಬಂತು? ಕೊನೆಗೆ ಬಳೆ ಬಿಚ್ಚಿಸಿದರಲ್ಲ." ಒಳ್ಳೆಯ ವಿಮರ್ಶೆ ಮಾಡಿದೆನೆಂದು ನನಗೆ ಸಂತೋಷವೇ ಆಗಿತ್ತು.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು, "ಎಲ್ಲರ ಹಾಗೆ ಇರೋದು ಸೋಲು ಅಂತ ಯಾಕಮ್ಮ ಅಂತೀಯ? ಆ ಬಾಗಿಲಲ್ಲಿ ನಿಂತಾಗ ನನಗೆ ಬೇಕಾಗಿದ್ದೂ ಅಷ್ಟೇ. ಒಂದು ರೂಪಾಯಿ ಹಾಕಿ, ಎಲ್ಲರ ಹಾಗೆ ಒಂದಾಟ."

ಯಾವ ಬಾಗಿಲು ಎಂದು ನಾನು ಕೇಳಬೇಕಾಗಿರಲಿಲ್ಲ. ಅರ್ಧ ಗಂಟೆ ಯಾಕಾಗುತ್ತಿತ್ತೆಂದು ಮೂವತ್ತು ವರ್ಷದ ಮೇಲೆ ತಿಳಿಯಿತು. ನಾನು ಹೇಳಿದಂತೆ ಅವಳು ಒಳಗೆ ಕಾಲಿಡಲಿಲ್ಲ. ಪರದೆ ಸರಿಸಿಕೊಂಡು ಹೊಸ್ತಿಲಲ್ಲಿ ನಿಂತು, ಹುಡುಗರ ಹೆಗಲ ಸಂದಿಯಿಂದ ನೋಡುತ್ತಿದ್ದಳು. ನೋಡಿಯೇ ಕಲಿತಳು, ಯಾವ ಪಟ್ಟಿಗೆ ಕಡ್ಡಿ ಯಾವ ಕಡೆ, ಯಾರು ಯಾರಿಗೆ ಹೆದರಬೇಕು, ಯಾರ ಕೊನೆ ಹೇಗೆ. ಒಂದೇ ಒಂದು ಸಲ ಗುಂಡಿ ಮುಟ್ಟಲಿಲ್ಲ. ಅಲ್ಲಿ ಅಷ್ಟು ದುಡ್ಡು ಸುರಿದ ಅವಳ ಅಣ್ಣನಿಗೆ ಫೋನಿನಲ್ಲಿ ಕೇಳಿದರೆ, "ಅದಾ, ಏನೋ ಆಡ್ತಿದ್ವಿ, ನೆನಪಿಲ್ಲಮ್ಮ" ಎಂದ.

ಮನೆಯಲ್ಲಿ ಇಬ್ಬರಿಗೂ ಸಮನಾಗಿ ಬಡಿಸಿದ್ದೇನೆ, ಸಮನಾಗಿ ಓದಿಸಿದ್ದೇನೆ ಎಂದು ನಾನು ಹೆಮ್ಮೆಪಡುತ್ತಿದ್ದೆ. ಸುಳ್ಳಲ್ಲ. ಪಟ್ಟಿಯ ಉದ್ದವನ್ನು ನಾನೂ ಸಮವಾಗಿಯೇ ಇಟ್ಟಿದ್ದೆ. ಅವನಿಗೆ ಬೈದೆ, ಅಂದರೆ ಅವನು ಹೋಗುತ್ತಾನೆ ಎಂದು ಒಪ್ಪಿಕೊಂಡೆ. ಅವಳಿಗೆ ಬೈಯಲೂ ಇಲ್ಲ. ಅವಳಿಗೂ ಆಸೆ ಇರಬಹುದೆಂದು ನನಗೆ ಹೊಳೆಯಲಿಲ್ಲ. ಆ ಕತ್ತಲೆ ಕೋಣೆಗೆ ಹತ್ತು ವರ್ಷದ ಹುಡುಗಿಯನ್ನು ಒಬ್ಬಳೇ ಕಳಿಸಬೇಕಿತ್ತೆಂದು ಈಗಲೂ ನಾನು ಹೇಳಲಾರೆ. ಆದರೆ ಕೇಳಬಹುದಿತ್ತು. ಕೇಳಿದ್ದರೆ ಒಂದು ಭಾನುವಾರ ಮಧ್ಯಾಹ್ನ ನಾನೇ ಕೈ ಹಿಡಿದು ಕರೆದೊಯ್ದು, ಸೆರಗಿನ ಗಂಟಿನಿಂದ ಒಂದು ರೂಪಾಯಿ ಬಿಚ್ಚಬಹುದಿತ್ತು.

ಹಾಗೆ ನೋಡಿದರೆ ಈ ಆಟದ ಬಗ್ಗೆಯೂ ನನ್ನ ತೀರ್ಪು ತಿದ್ದಿಕೊಳ್ಳಬೇಕು. ಚುನ್‌ಲೀ ಸಾಮಾನ್ಯ ಹುಡುಗಿಯಾದದ್ದು ದೋಷವಲ್ಲ. ತಂದೆಯ ಋಣ ಹೊತ್ತು ಅಲೆದವಳಿಗೆ ಒಂದು ದಿನ ಬಟ್ಟೆ ಬದಲಿಸಿ ಓಡಬೇಕೆನ್ನಿಸಿದರೆ ತಪ್ಪೇನು? ಬೇರೆಯವರು ಅದನ್ನು ಅವಳಿಗಾಗಿ ತೀರ್ಮಾನಿಸಿಟ್ಟದ್ದು ದೋಷ. ಅದನ್ನು ತಯಾರಕರೂ ಕಂಡುಕೊಂಡಿರಬೇಕು. 1993ರ ಸೂಪರ್ ಎಂಬ ಹೆಸರಿನ ಆವೃತ್ತಿಯಲ್ಲಿ ಅವಳ ಕೊನೆ ಒಂದು ಕಡೆ ನಿಂತು ಕೇಳುತ್ತದೆ: ಪೊಲೀಸ್ ಕೆಲಸದಲ್ಲಿ ಮುಂದುವರಿಯುವುದೋ, ಸಾಮಾನ್ಯ ಹುಡುಗಿಯಾಗುವುದೋ? ಉತ್ತರವನ್ನು ಆಡುವವರ ಕೈಗೆ ಬಿಡುತ್ತದೆ. ಅಷ್ಟೊಂದು ಪಟ್ಟು, ಅಷ್ಟೊಂದು ಬೆಂಕಿಗಿಂತ ಆ ಒಂದು ಪ್ರಶ್ನೆ ದೊಡ್ಡದೆಂದು ನನಗನ್ನಿಸಿತು.

ಹಬ್ಬ ಮುಗಿಯುವ ಹಿಂದಿನ ರಾತ್ರಿ ಮಗಳು ಆ ಪ್ರಶ್ನೆಯ ತನಕ ಆಡಿದಳು. ಪರದೆ ಕಾಯುತ್ತ ನಿಂತಿತು. "ಏನು ಒತ್ತಲಿ?" ಎಂದಳು. ನನ್ನ ಬಾಯಿಗೆ ಉತ್ತರ ಬಂದೇಬಿಟ್ಟಿತ್ತು, ಅಭ್ಯಾಸ. ನುಂಗಿಕೊಂಡೆ. "ನಿನಗೇನು ಬೇಕೋ ಅದನ್ನ ಒತ್ತೇ" ಎಂದು ಚಕ್ಕುಲಿ ಡಬ್ಬಿ ತರಲು ಒಳಗೆ ಹೋದೆ. ಅವಳು ಯಾವುದನ್ನು ಒತ್ತಿದಳೋ ನಾನು ನೋಡಲಿಲ್ಲ.